ಶಿವಮೊಗ್ಗದ ನಮ್ಮ ಲೇಔಟ್ ಆಫೀಸಿಗೆ ವೆಬ್‌ಸೈಟ್: ಏನಿರಬೇಕು, ಏನು ಬೇಡ?

ತುಂಗಾ_ದಂಡೆ

ಎಲ್ಲರಿಗೂ ನಮಸ್ಕಾರ. ಶಿವಮೊಗ್ಗದಲ್ಲಿ ನಮ್ಮದೊಂದು ಚಿಕ್ಕ ರಿಯಲ್ ಎಸ್ಟೇಟ್ ಆಫೀಸಿದೆ. ಅಪ್ಪ ಶುರು ಮಾಡಿದ್ದು, ಈಗ ನಾನೂ ತಂಗಿಯೂ ನೋಡಿಕೊಳ್ಳುತ್ತೇವೆ. ನಮ್ಮದೇ ಒಂದು ಲೇಔಟ್ ಇದೆ. ಸೂಡಾ (ಶಿವಮೊಗ್ಗ ನಗರಾಭಿವೃದ್ಧಿ ಪ್ರಾಧಿಕಾರ) ಅಪ್ರೂವಲ್ ಆಗಿದೆ, ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ನಂಬರೂ ಬಂದಿದೆ. ಜೊತೆಗೆ ಬೇರೆಯವರ ರೀಸೇಲ್ ಸೈಟು, ಮನೆ, ಆಗೊಮ್ಮೆ ಈಗೊಮ್ಮೆ ತೋಟ ಕೊಡಿಸುತ್ತೇವೆ. ಇಲ್ಲಿಯವರೆಗೆ ಬಾಯಿಮಾತು, ಫ್ಲೆಕ್ಸು, ವಾಟ್ಸ್ಆ್ಯಪ್ ಸ್ಟೇಟಸ್ಸಲ್ಲೇ ವ್ಯವಹಾರ ನಡೆದಿದೆ.

ಈಗ ವಿಚಾರಿಸುವವರಲ್ಲಿ ಜಾಸ್ತಿ ಜನ ಬೆಂಗಳೂರಲ್ಲೋ ಗಲ್ಫಲ್ಲೋ ಇರುವ ನಮ್ಮ ಕಡೆಯವರೇ. ಅವರಿಗೆ ಅದೇ ನಕ್ಷೆ, ಅದೇ ಫೋಟೋ, ಅದೇ ಉತ್ತರ ಕಳಿಸಿ ಕಳಿಸಿ ಸಾಕಾಗಿದೆ. ಹಾಗಾಗಿ ವೆಬ್‌ಸೈಟ್ ಮಾಡಿಸೋಣ ಅಂತ ಹೊರಟೆವು. ಮಾಡಿಕೊಡುವವರು ಒಂದು ಮಾದರಿ ತೋರಿಸಿದ್ದಾರೆ. ತೆರೆದ ಕೂಡಲೇ ಪರದೆ ತುಂಬ ಡ್ರೋನ್ ವಿಡಿಯೋ. ಅದರ ಮೇಲೆ ದೊಡ್ಡ ಅಕ್ಷರದಲ್ಲಿ 'ಏರ್‌ಪೋರ್ಟಿನಿಂದ 10 ನಿಮಿಷ'. ಕೆಳಗೆ ತಾನಾಗಿ ಸರಿಯುವ ಚಿತ್ರಗಳು, ಮೂಲೆಯಲ್ಲಿ ಚಾಟ್‌ಬಾಟ್. ರೇಟು ನೋಡಬೇಕಾದರೆ ಮೊದಲು ಹೆಸರು, ಫೋನ್ ನಂಬರ್ ಕೊಡಬೇಕು. ಹೀಗೆ ಮಾಡಿದರೆ ಲೀಡ್ಸ್, ಅಂದರೆ ವಿಚಾರಿಸುವವರ ನಂಬರು, ಜಾಸ್ತಿ ಬರುತ್ತವಂತೆ.

ನನಗೆ ಮೂರು ಅನುಮಾನ. ರೇಟು ಬಹಿರಂಗವಾಗಿ ಹಾಕಬೇಕಾ? ದಾಖಲೆ ಹಾಕಬೇಕಾ? ಕನ್ನಡದಲ್ಲಿ ಮಾಡಬೇಕಾ, ಇಂಗ್ಲಿಷಲ್ಲಾ? ಅನುಭವ ಇರುವವರು ಹೇಳಿ.

ಕೋಡು_ಕಾಫಿ

ನಾನು ವೆಬ್ ಕೆಲಸದವನು. ಮೊದಲು ಆ ವಿಡಿಯೋ ತೆಗೆಸಿ. ಪೂರ್ತಿ ಬೇಡ ಅಂತಲ್ಲ. ಕೆಳಗೆ ಎಲ್ಲಾದರೂ ಇಡಿ, ಒತ್ತಿದರೆ ಮಾತ್ರ ಓಡಲಿ. ನಿಮ್ಮ ಗಿರಾಕಿ ಬಸ್ಸಲ್ಲಿ ಕೂತು ಫೋನಲ್ಲಿ ನೋಡುವವನು. ಆಗುಂಬೆ ಕಡೆ ಹೋದರೆ ಸಿಗ್ನಲ್ ಕಥೆ ನಿಮಗೇ ಗೊತ್ತು. ಪುಟದ ಮುಖ್ಯ ಭಾಗ 2.5 ಸೆಕೆಂಡಿನೊಳಗೆ ಕಾಣಬೇಕು ಅನ್ನುವುದು ಗೂಗಲ್ ಇಟ್ಟಿರುವ ಅಳತೆ. ಪೇಜ್‌ಸ್ಪೀಡ್ ಇನ್‌ಸೈಟ್ಸ್ ಅಂತ ಗೂಗಲ್ಲಿನದೇ ಉಚಿತ ಸಾಧನ ಇದೆ. ಮಾಡಿಕೊಟ್ಟವರ ಎದುರೇ ಅದರಲ್ಲಿ ಮೊಬೈಲ್ ಅಂಕ ತೆಗೆಯಿರಿ. ಡೆಸ್ಕ್‌ಟಾಪ್ ಅಂಕ ತೋರಿಸಿದರೆ ಒಪ್ಪಬೇಡಿ.

ಫೋಟೋಗಳದೂ ಇದೇ ಕಥೆ. ಕ್ಯಾಮೆರಾದಿಂದ ಬಂದ ಆರೇಳು ಎಂಬಿ ಫೋಟೋವನ್ನು ಹಾಗೇ ಏರಿಸಿರುತ್ತಾರೆ. ವೆಬ್‌ಪಿ ಅನ್ನುವ ಹಗುರ ಚಿತ್ರ ಮಾದರಿಗೆ ಬದಲಿಸಿ, ಅಗಲ ಕಡಿಮೆ ಮಾಡಿದರೆ 200 ಕೆಬಿ ಒಳಗೆ ಬರುತ್ತೆ. ಫೋನಲ್ಲಿ ಯಾರಿಗೂ ವ್ಯತ್ಯಾಸ ಗೊತ್ತಾಗಲ್ಲ.

ಇನ್ನೊಂದು ಮಾತು, ಇದನ್ನು ಇವತ್ತೇ ಕೇಳಿ: ಡೊಮೇನ್ (ತಾಣದ ವಿಳಾಸ) ಯಾರ ಹೆಸರಲ್ಲಿ ತಗೊಳ್ಳುತ್ತಾರೆ? ನಿಮ್ಮ ಇಮೇಲ್, ನಿಮ್ಮ ಕಾರ್ಡು, ನಿಮ್ಮ ಖಾತೆ ಆಗಿರಬೇಕು. ನನಗೆ ಗೊತ್ತಿರುವ ಒಬ್ಬರ ಡೊಮೇನ್ ಮಾಡಿಕೊಟ್ಟವರ ಹೆಸರಲ್ಲಿತ್ತು. ಜಗಳ ಆದ ಮೇಲೆ ಹೆಸರೂ ಹೋಯಿತು, ಫ್ಲೆಕ್ಸಲ್ಲಿ ಅಚ್ಚಾದ ವಿಳಾಸವೂ ಹೋಯಿತು.

ಮಸ್ಕತ್_ಮಲೆನಾಡಿಗ

ನೀವು ಹೇಳಿದ ಗಲ್ಫ್ ಗಿರಾಕಿ ನಾನೇ ಅಂದುಕೊಳ್ಳಿ. ಊರು ತೀರ್ಥಹಳ್ಳಿ ಹತ್ತಿರ, ಇಲ್ಲಿ ಬಂದು ವರ್ಷಗಳಾದವು. ಶಿವಮೊಗ್ಗದಲ್ಲಿ ಒಂದು 30×40 ಸೈಟ್ ಹುಡುಕುತ್ತಿದ್ದೇನೆ.

ನಾನು ಹೇಗೆ ನೋಡುತ್ತೇನೆ ಅಂತ ಹೇಳುತ್ತೇನೆ, ನಿಮಗೇ ಅರ್ಥ ಆಗುತ್ತೆ. ವಿಡಿಯೋ ನೋಡಲ್ಲ. ಮೊದಲು ಸರ್ವೆ ನಂಬರ್ ಹುಡುಕುತ್ತೇನೆ. ಸಿಕ್ಕರೆ ದಿಶಾಂಕ್ ಅನ್ನುವ ಸರ್ಕಾರಿ ನಕ್ಷೆ ಆ್ಯಪಲ್ಲಿ ಹಾಕಿ ಜಾಗ ಎಲ್ಲಿದೆ, ಪಕ್ಕ ಕೆರೆಯೋ ಹಳ್ಳವೋ ಇದೆಯಾ ಅಂತ ನೋಡುತ್ತೇನೆ. ಆಮೇಲೆ ಸರ್ಕಾರದ 'ಭೂಮಿ' ತಾಣದಲ್ಲಿ ಪಹಣಿ. ರೇರಾ ನಂಬರ್ ಇದ್ದರೆ ಕರ್ನಾಟಕ ರೇರಾ ತಾಣದಲ್ಲಿ ಅದೇ ನಂಬರ್ ಹಾಕಿ, ಅಲ್ಲಿರುವ ನಕ್ಷೆಗೂ ಇವರು ತೋರಿಸುವ ನಕ್ಷೆಗೂ ತಾಳೆ ನೋಡುತ್ತೇನೆ. ಇಷ್ಟೂ ರಾತ್ರಿ ಊಟ ಆದ ಮೇಲೆ, ಯಾರಿಗೂ ಫೋನ್ ಮಾಡದೆ. ಎಲ್ಲ ಸರಿ ಅನಿಸಿದರೆ ಮಾತ್ರ ಮಾರನೇ ದಿನ ವಾಟ್ಸ್ಆ್ಯಪ್.

ಸರ್ವೆ ನಂಬರ್ ಇಲ್ಲದ ತಾಣವನ್ನು ಅಲ್ಲೇ ಮುಚ್ಚುತ್ತೇನೆ. ರೇಟಿಗೆ ಫೋನ್ ನಂಬರ್ ಕೇಳಿದರೂ ಅಷ್ಟೇ. ಒಂದು ಸಲ ಕೊಟ್ಟಿದ್ದೆ. ಆಮೇಲೆ ದೇವನಹಳ್ಳಿಯಿಂದ ಹಿಡಿದು ಸಕಲೇಶಪುರದ ಎಸ್ಟೇಟ್‌ವರೆಗೆ ಎಲ್ಲರ ಕಾಲೂ ಬಂದವು. ನಾನು ಕೊಟ್ಟಿದ್ದು ಒಬ್ಬರಿಗೆ ಮಾತ್ರ.

ದೂರ ಇರುವವನಿಗೆ ನಿಮ್ಮ ತಾಣದಿಂದ ಬೇಕಾಗಿರುವುದು ಇಷ್ಟೇ: ನಿಮ್ಮನ್ನು ಕೇಳದೆ ತಾನೇ ಪರೀಕ್ಷೆ ಮಾಡಿಕೊಳ್ಳಲು ಬೇಕಾದ ನಂಬರುಗಳು.

ಹಳೇ_ಬ್ರೋಕರ್

ಮಸ್ಕತ್ ಸರ್ ಹೇಳಿದ್ದು ಕೊಳ್ಳುವವರ ಮಾತು. ಮಾರುವವರ ಕಷ್ಟವನ್ನೂ ಸ್ವಲ್ಪ ಕೇಳಿ. ಸರ್ವೆ ನಂಬರ್, ಮ್ಯಾಪಲ್ಲಿ ಪಿನ್ ಎರಡೂ ಹಾಕಿದರೆ ಪಾರ್ಟಿ ಸೀದಾ ಓನರ್ ಮನೆಗೆ ಹೋಗುತ್ತೆ. ಪಹಣಿಯಲ್ಲಿ ಹೆಸರು ಇದ್ದೇ ಇರುತ್ತಲ್ಲ. ನಮಗೆ ಸಿಗುವುದು ಒಂದೋ ಎರಡೋ ಪರ್ಸೆಂಟ್, ಅದೂ ಹೋಯಿತು. ಬೇರೆ ಏಜೆಂಟರು ನಮ್ಮ ಫೋಟೋನೇ ಎತ್ತಿಕೊಂಡು, ಮೇಲೆ ತಮ್ಮ ನಂಬರ್ ಹಾಕಿ ಗ್ರೂಪಿಗೆ ಬಿಡುತ್ತಾರೆ. ಇದು ದಿನಾ ನಡೆಯುವ ವಿಷಯ.

ರೇಟೂ ಹಾಗೇ. ಬೋರ್ಡಲ್ಲಿ ಬರೆದ ರೇಟಿಂದಲೇ ಚೌಕಾಸಿ ಶುರುವಾಗುತ್ತೆ. ಎದುರು ಕೂರಿಸಿ, ಕಾಫಿ ಕೊಟ್ಟು ಹೇಳುವ ರೇಟೇ ಬೇರೆ. ಅಪ್ಪನ ಕಾಲದಿಂದ ನಡೆದ ಆಫೀಸು ನಿಮ್ಮದು, ನಿಮಗೆ ಹೇಳಬೇಕಾ?

ತುಂಗಾ_ದಂಡೆ

ಹಳೇ ಬ್ರೋಕರ್ ಸರ್, ಅಪ್ಪ ಅದನ್ನೇ ಹೇಳುತ್ತಿದ್ದಾರೆ, ಬಹುತೇಕ ಇದೇ ಮಾತಲ್ಲಿ. ಆದರೆ ನಮ್ಮ ಸ್ವಂತ ಲೇಔಟಿಗೆ ಈ ಭಯ ಇಲ್ಲ ಅಲ್ವಾ? ಓನರೂ ನಾವೇ, ಮಾರುವವರೂ ನಾವೇ. ರೇರಾ ತಾಣದಲ್ಲಿ ನಕ್ಷೆ, ದಾಖಲೆ ಎಲ್ಲ ಆಗಲೇ ಸಾರ್ವಜನಿಕವಾಗಿದೆ. ನಾವು ಬಚ್ಚಿಟ್ಟರೆ ಏನು ಬಂತು?

ಪತ್ರ_ಪಹಣಿ

ವಕೀಲಿ ಕೆಲಸದವನು, ಆಸ್ತಿ ಪತ್ರಗಳೇ ನನ್ನ ದಿನದ ಅನ್ನ. ವೆಬ್‌ಸೈಟ್ ಬಗ್ಗೆ ಗೊತ್ತಿಲ್ಲ. ಅದರಲ್ಲಿ ಬರೆಯುವುದರ ಬಗ್ಗೆ ಗೊತ್ತು.

2016ರ ರೇರಾ ಕಾಯ್ದೆಯಲ್ಲಿ ಜಾಹೀರಾತು ಅಂದರೆ ಯಾವುದೇ ಮಾಧ್ಯಮದಲ್ಲಿ ಬಂದದ್ದು. ಫ್ಲೆಕ್ಸೂ ಸೇರಿತು, ವೆಬ್‌ಸೈಟೂ ಸೇರಿತು, ನಿಮ್ಮ ವಾಟ್ಸ್ಆ್ಯಪ್ ಸ್ಟೇಟಸ್ಸೂ ಸೇರಿತು. ಪ್ರಾಜೆಕ್ಟಿನ ಜಾಹೀರಾತಲ್ಲಿ ನೋಂದಣಿ ನಂಬರ್ ಮತ್ತು ಪ್ರಾಧಿಕಾರದ ತಾಣದ ವಿಳಾಸ ಎದ್ದು ಕಾಣುವಂತೆ ಇರಬೇಕು ಅಂತ ಸೆಕ್ಷನ್ 11 ಹೇಳುತ್ತೆ. ಎದ್ದು ಕಾಣುವಂತೆ ಅಂದರೆ ಪುಟದ ಅಡಿಯಲ್ಲಿ ಇರುವೆ ಗಾತ್ರದ ಬೂದು ಅಕ್ಷರ ಅಲ್ಲ.

ಇಲ್ಲೊಂದು ಚಾಲಾಕಿ ಜಾಸ್ತಿ ನಡೆಯುತ್ತೆ. ಕರ್ನಾಟಕದ ನೋಂದಣಿ ನಂಬರಲ್ಲಿ ನಡುವೆ 'ಪಿಆರ್' ಇದ್ದರೆ ಅದು ಪ್ರಾಜೆಕ್ಟಿನದು, 'ಎಜಿ' ಇದ್ದರೆ ಏಜೆಂಟಿನದು. ಕೆಲವರು ತಮ್ಮ ಏಜೆಂಟ್ ನಂಬರನ್ನೇ ದೊಡ್ಡದಾಗಿ ಹಾಕಿ 'ರೇರಾ ಅಪ್ರೂವ್ಡ್' ಅಂತ ಬರೆಯುತ್ತಾರೆ. ಲೇಔಟಿಗೆ ನೋಂದಣಿಯೇ ಇರಲ್ಲ. ನಿಮ್ಮ ತಾಣದಲ್ಲಿ ಎರಡನ್ನೂ ಬೇರೆ ಬೇರೆ ಹೆಸರಿಟ್ಟು ತೋರಿಸಿ. ಅಂದ ಹಾಗೆ, ಅಭಿವೃದ್ಧಿ ಮಾಡುವ ಜಾಗ 500 ಚದರ ಮೀಟರ್ ದಾಟಿದರೆ ನೋಂದಣಿ ಬೇಕು. ಅದು ಹೆಚ್ಚುಕಡಿಮೆ ಐದು ಗುಂಟೆ. ಒಂದು ಎಕರೆ ಲೇಔಟ್ ಮಾಡಿ 'ಇದು ಚಿಕ್ಕದು, ರೇರಾ ಬೇಡ' ಅನ್ನುವವರನ್ನು ನಂಬಬೇಡಿ.

'ಏರ್‌ಪೋರ್ಟಿನಿಂದ 10 ನಿಮಿಷ' ತೆಗೆಯಿರಿ. ಸೋಗಾನೆಯಲ್ಲಿ 2023ರ ಫೆಬ್ರವರಿಯಲ್ಲಿ ವಿಮಾನ ನಿಲ್ದಾಣ ಉದ್ಘಾಟನೆ ಆದಾಗಿನಿಂದ ಶಿವಮೊಗ್ಗದ ಪ್ರತಿ ಲೇಔಟೂ ಅದರ ಹತ್ತಿರವೇ! ಸುಳ್ಳು ಜಾಹೀರಾತು ನಂಬಿ ಅಡ್ವಾನ್ಸ್ ಕೊಟ್ಟು ನಷ್ಟ ಆದವರಿಗೆ ಪರಿಹಾರ ಕೊಡಬೇಕು ಅನ್ನುತ್ತೆ ಸೆಕ್ಷನ್ 12. ನಿಮಿಷ ಬಿಡಿ, ಕಿಲೋಮೀಟರ್ ಹಾಕಿ. ಅದೂ ರಸ್ತೆ ಮೇಲಿನ ದೂರ. ಬಸ್ ನಿಲ್ದಾಣದಿಂದ ಇಷ್ಟು, ರೈಲ್ವೆ ಸ್ಟೇಷನ್ನಿಂದ ಇಷ್ಟು. ಬರಲಿರುವ ರಿಂಗ್ ರೋಡು, ಬರಲಿರುವ ಕಾಲೇಜು ಅಂತ ಬರೆಯುವುದೂ ಬೇಡ.

ದಾಖಲೆ ವಿಚಾರ. ಲೇಔಟ್ ಪುಟದಲ್ಲಿ ಭೂಪರಿವರ್ತನೆ ಆದೇಶ, ಸೂಡಾ ಮಂಜೂರು ಮಾಡಿದ ನಕ್ಷೆ, ಸೈಟ್ ಬಿಡುಗಡೆ ಪತ್ರ, ಇತ್ತೀಚಿನ ಇಸಿ (ಋಣಭಾರ ಪತ್ರ) ಇದ್ದರೆ ಸಾಕು. ಪಂಚಾಯಿತಿ ವ್ಯಾಪ್ತಿಯ ಸೈಟಾದರೆ ಇ-ಸ್ವತ್ತಿನ ಫಾರ್ಮ್ 9 ಮತ್ತು 11ಎ. 11ಎ ಮಂಜೂರಾದ ಸೈಟಿಗೆ, 11ಬಿ ಮಂಜೂರಾತಿ ಇಲ್ಲದ್ದಕ್ಕೆ. ಬರೀ 11ಬಿ ಇರುವುದನ್ನು 'ಇ-ಸ್ವತ್ತು ಆಗಿದೆ' ಅಂತ ಮಾತ್ರ ಬರೆದು ಮಾರಬೇಡಿ. ಕೊಳ್ಳುವವರಿಗೆ ಆ ವ್ಯತ್ಯಾಸ ಆಮೇಲೆ ಬ್ಯಾಂಕಲ್ಲಿ ಗೊತ್ತಾಗುತ್ತೆ.

ಕ್ರಯಪತ್ರ ಮಾತ್ರ ಹಾಗೇ ಹಾಕಬೇಡಿ. ಅದರಲ್ಲಿ ಫೋಟೋ, ಹೆಬ್ಬೆಟ್ಟು, ಪ್ಯಾನ್, ಆಧಾರ್ ಎಲ್ಲ ಇರುತ್ತೆ.

ಕೋಡು_ಕಾಫಿ

ಪತ್ರ ಪಹಣಿ ಸರ್ ಕೊನೆಗೆ ಹೇಳಿದ್ದಕ್ಕೆ ಸೇರಿಸುತ್ತೇನೆ. ಪಿಡಿಎಫ್ ಮೇಲೆ ಕಪ್ಪು ಚೌಕ ಎಳೆದರೆ ಮುಚ್ಚಿದ ಹಾಗಾಗಲ್ಲ. ಕೆಳಗಿನ ಅಕ್ಷರ ಹಾಗೇ ಇರುತ್ತೆ, ಆ ಜಾಗ ಸೆಲೆಕ್ಟ್ ಮಾಡಿ ಕಾಪಿ ಮಾಡಿದರೆ ಬಂದುಬಿಡುತ್ತೆ. ಮುಚ್ಚಿದ ಮೇಲೆ ಚಿತ್ರವಾಗಿ ಬದಲಾಯಿಸಿ ಹಾಕಿ. ಅದರ ಮೇಲೆ ಅಡ್ಡಡ್ಡ ನಿಮ್ಮ ಆಫೀಸಿನ ಹೆಸರೂ ಇರಲಿ.

ಹಳೇ ಬ್ರೋಕರ್ ಸರ್ ಹೇಳಿದ ಕಳ್ಳತನಕ್ಕೂ ಇದೇ ಮದ್ದು. ಫೋಟೋದ ಮೂಲೆಯಲ್ಲಿ ಹೆಸರು ಹಾಕಿದರೆ ಕತ್ತರಿಸುತ್ತಾರೆ. ನಡುವೆ ತಿಳಿಯಾಗಿ ಹಾಕಿ.

ಧಾರವಾಡದ_ಅಕ್ಕ

ನಾನು ಕೊಂಡವಳು, ಹೋದ ವರ್ಷ, ಹುಬ್ಬಳ್ಳಿ-ಧಾರವಾಡದ ನಡುವೆ. ಒಂದು ಮಾತು ಹೇಳತೀನ್ರೀ. ಎಲ್ಲಾ ತಾಣದಾಗೂ ಹಸಿರು ಹುಲ್ಲು, ನಗೋ ಕುಟುಂಬ, ನೀಲಿ ಆಕಾಶ. ಅವು ಯಾವ ದೇಶದ ಮಂದಿನೋ. ನನಗೆ ಬೇಕಾಗಿದ್ದು ಜುಲೈ ತಿಂಗಳ ಫೋಟೋ. ಮಳೆ ಬಂದಾಗ ಲೇಔಟಿಗೆ ಹೋಗೋ ದಾರಿ ಹೆಂಗಿರುತ್ತೆ? ಚರಂಡಿ ಎಲ್ಲಿಗೆ ಹೋಗಿ ಕೂಡುತ್ತೆ? ಕರಿಮಣ್ಣಿನ ಕಡೆ ಮನೆ ಕಟ್ಟೋರಿಗೆ ಇದು ದೊಡ್ಡ ಮಾತು. ಶಿವಮೊಗ್ಗದಾಗ ಮಳೆ ನಮಗಿಂತ ಜಾಸ್ತಿನೇ ಅಲ್ವಾ?

ಮತ್ತ ಬೋರ್‌ವೆಲ್ಲು, ಕರೆಂಟ್ ಕಂಬ, ನಲ್ಲಿ ನೀರು, ಒಳಚರಂಡಿ. ಆಗಿದೆ, ಆಗ್ತಾ ಇದೆ, ಆಗಿಲ್ಲ ಅಂತ ಬರೀರಿ. 'ಆಗಿಲ್ಲ' ಅಂತ ಬರೆದವರ ಹತ್ರನೇ ನಾನು ತಗೊಂಡೆ. ಉಳಿದದ್ದೂ ಖರೇ ಇರಬಹುದು ಅನ್ನಿಸ್ತು.

ತುಂಗಾ_ದಂಡೆ

ಅಕ್ಕ, ಮಳೆಗಾಲದ ಫೋಟೋ ಅಂದ ಕೂಡಲೇ ನನ್ನ ತಂಗಿ ಚಪ್ಪಾಳೆ ತಟ್ಟಿದಳು. ನಮ್ಮ ಲೇಔಟಲ್ಲಿ ಒಳರಸ್ತೆಗೆ ಡಾಂಬರು ಆಗಿದೆ. ಮುಖ್ಯರಸ್ತೆಯಿಂದ ಬರುವ ಸ್ವಲ್ಪ ದೂರ ಮಾತ್ರ ಇನ್ನೂ ಮಣ್ಣು. ಅದನ್ನು ತೋರಿಸುವುದು ಅಂತ ಆಯ್ತು. ಅಪ್ಪ ಇನ್ನೂ ಒಪ್ಪಿಲ್ಲ.

ಲೆಕ್ಕದ_ಪುಸ್ತಕ

ರೇಟು ಹಾಕಬೇಕಾ ಬೇಡವಾ ಅಂತ ಎಲ್ಲರೂ ಮಾತಾಡುತ್ತಿದ್ದೀರಿ. ಸೈಟಿನ ಬೆಲೆ ಅರ್ಧ ಉತ್ತರ ಅಷ್ಟೇ. ಒಟ್ಟು ಎಷ್ಟು ಬೀಳುತ್ತೆ ಅನ್ನುವುದನ್ನು ಯಾರೂ ಬರೆಯಲ್ಲ.

ಉದಾಹರಣೆಗೆ ನಗರ ವ್ಯಾಪ್ತಿಯಲ್ಲಿ 30 ಲಕ್ಷದ ಒಂದು ಸೈಟ್. ಸ್ಟ್ಯಾಂಪ್ ಡ್ಯೂಟಿ 5 ಪರ್ಸೆಂಟ್. ಆ ಡ್ಯೂಟಿಯ ಮೇಲೆ 10 ಪರ್ಸೆಂಟ್ ಸೆಸ್, 2 ಪರ್ಸೆಂಟ್ ಸರ್‌ಚಾರ್ಜ್. ಎಲ್ಲ ಸೇರಿ 5.6 ಪರ್ಸೆಂಟ್, ಅಂದರೆ 1,68,000 ರೂಪಾಯಿ. ನೋಂದಣಿ ಶುಲ್ಕ ಮೊದಲು 1 ಪರ್ಸೆಂಟ್ ಇತ್ತು, 2025ರ ಆಗಸ್ಟ್ 31ರಿಂದ 2 ಪರ್ಸೆಂಟ್ ಆಗಿದೆ. ಅದು 60,000. ಅಲ್ಲಿಗೆ ರಿಜಿಸ್ಟ್ರೇಷನ್ನಿಗೇ 2,28,000. ಗ್ರಾಮೀಣ ವ್ಯಾಪ್ತಿ ಆದರೆ ಸರ್‌ಚಾರ್ಜ್ 3 ಪರ್ಸೆಂಟ್, ಸ್ವಲ್ಪ ಜಾಸ್ತಿ. ಸರ್ಕಾರದ ಮಾರ್ಗಸೂಚಿ ಬೆಲೆ ನಿಮ್ಮ ಬೆಲೆಗಿಂತ ಹೆಚ್ಚಿದ್ದರೆ ಲೆಕ್ಕ ಅದರ ಮೇಲೆ.

ಇದರ ಮೇಲೆ ಖಾತೆ ಬದಲಾವಣೆ, ಪತ್ರ ಬರೆಸುವ ಖರ್ಚು, ಲೇಔಟಿನ ನಿರ್ವಹಣಾ ಶುಲ್ಕ ಇದ್ದರೆ ಅದೂ. ಪುಟದಲ್ಲಿ ಒಂದು ಚಿಕ್ಕ ಲೆಕ್ಕದ ಪೆಟ್ಟಿಗೆ ಇಟ್ಟು, ಸೈಟ್ ಆಯ್ದ ಕೂಡಲೇ ಇಷ್ಟೂ ಸಾಲಾಗಿ ಬರುವಂತೆ ಮಾಡಿ. ದರ ಬದಲಾದರೆ ಒಂದೇ ಜಾಗದಲ್ಲಿ ತಿದ್ದುವ ಹಾಗಿರಲಿ. ಇಎಂಐ ಲೆಕ್ಕ ಎಲ್ಲರೂ ಹಾಕುತ್ತಾರೆ, ಅದು ಬ್ಯಾಂಕಿನ ತಾಣದಲ್ಲೂ ಸಿಗುತ್ತೆ.

ಪತ್ರ_ಪಹಣಿ

ಒಳ್ಳೆಯ ಮಾತು. ಇದರ ಜೊತೆ ಇನ್ನೊಂದು. 'ಈಗಲೇ ಬುಕ್ ಮಾಡಿ' ಅಂತ ಬಟನ್ ಇಟ್ಟು ಆನ್‌ಲೈನಲ್ಲಿ ಹಣ ತಗೊಳ್ಳುವ ಯೋಚನೆ ಇದ್ದರೆ ಹುಷಾರು. ಮಾರಾಟದ ಕರಾರು ಬರೆದು ನೋಂದಾಯಿಸುವ ಮೊದಲು ಬೆಲೆಯ 10 ಪರ್ಸೆಂಟಿಗಿಂತ ಜಾಸ್ತಿ ತಗೊಳ್ಳುವ ಹಾಗಿಲ್ಲ, ಸೆಕ್ಷನ್ 13.

ಮಸ್ಕತ್ ಸರ್ ಅಂಥವರಿಗೆ ತೋಟ ತೋರಿಸುವ ಮೊದಲೂ ಯೋಚಿಸಿ. 2020ರ ತಿದ್ದುಪಡಿ ನಂತರ ಕರ್ನಾಟಕದಲ್ಲಿ ಕೃಷಿಕರಲ್ಲದವರೂ ಕೃಷಿ ಜಮೀನು ಕೊಳ್ಳಬಹುದು, ನಿಜ. ಆದರೆ ಅನಿವಾಸಿ ಭಾರತೀಯರು ಕೃಷಿ ಜಮೀನು, ತೋಟ, ಫಾರ್ಮ್‌ಹೌಸ್ ಕ್ರಯಕ್ಕೆ ತಗೊಳ್ಳಲು ಫೆಮಾ (ವಿದೇಶಿ ವಿನಿಮಯ ನಿರ್ವಹಣಾ ಕಾಯ್ದೆ) ಬಿಡಲ್ಲ. ಪಿತ್ರಾರ್ಜಿತವಾಗಿ ಬಂದರೆ ಬೇರೆ ಮಾತು. ಮನೆ ಸೈಟಿಗೆ ತೊಂದರೆ ಇಲ್ಲ. ಅಡಿಕೆ ತೋಟದ ಪ್ರತಿ ಪುಟದಲ್ಲೂ ಈ ಒಂದು ಸಾಲು ಇರಲಿ. ಗಲ್ಫಿಂದ ಟಿಕೆಟ್ ಹಾಕಿಕೊಂಡು ಬಂದ ಮೇಲೆ ಹೇಳುವುದಕ್ಕಿಂತ ಒಳ್ಳೆಯದು.

ಮಸ್ಕತ್_ಮಲೆನಾಡಿಗ

ಈ ಸಾಲು ಯಾವ ತಾಣದಲ್ಲೂ ನೋಡಿಲ್ಲ. 'ಎನ್‌ಆರ್‌ಐಗಳಿಗೆ ಚಿನ್ನದಂಥ ಅವಕಾಶ, ಅಡಿಕೆ ತೋಟ' ಅಂತ ಮಾತ್ರ ತುಂಬಾ ನೋಡಿದ್ದೇನೆ.

ಕೋಡು_ಕಾಫಿ

ಈಗ ಭಾಷೆ. ಕನ್ನಡ, ಇಂಗ್ಲಿಷ್ ಎರಡೂ ಇರಲಿ, ತೆರೆದಾಗ ಕನ್ನಡ ಬರಲಿ. ಬೆಂಗಳೂರಲ್ಲಿರುವ ಮಗ ಇಂಗ್ಲಿಷಲ್ಲಿ ನೋಡಬಹುದು, ದುಡ್ಡಿನ ತೀರ್ಮಾನ ಮಾಡುವ ಅಪ್ಪ-ಅಮ್ಮ ಊರಲ್ಲಿ ಕನ್ನಡದಲ್ಲೇ ಓದುತ್ತಾರೆ. ಎರಡೂ ಭಾಷೆಗೆ ಬೇರೆ ಬೇರೆ ಪುಟ ಬೇಕು. ಮೂಲೆಯಲ್ಲಿ ಯಂತ್ರಾನುವಾದದ ಬಟನ್ ಇಟ್ಟು ಕೈ ತೊಳೆದುಕೊಳ್ಳಬೇಡಿ. ಕಾನೂನಿನ ಸಾಲುಗಳು ತಲೆಕೆಳಗಾಗುತ್ತವೆ.

ನಿಮ್ಮ ಆಫೀಸಲ್ಲಿ ಕರಪತ್ರ ಎಲ್ಲ ಹಳೇ 'ನುಡಿ' ಅಥವಾ 'ಬರಹ' ತಂತ್ರಾಂಶದಲ್ಲಿ ಟೈಪ್ ಮಾಡಿರುತ್ತೀರಿ. ಅದನ್ನು ಹಾಗೇ ಪೇಸ್ಟ್ ಮಾಡಿದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ ಬರುತ್ತೆ. ಕೆಲವರು ಅದಕ್ಕೇ ಕರಪತ್ರವನ್ನು ಚಿತ್ರ ಮಾಡಿ ಏರಿಸುತ್ತಾರೆ. ಆಗ ಹುಡುಕಿದವರಿಗೆ ನೀವು ಸಿಗುವುದು ಕಷ್ಟ. ಯೂನಿಕೋಡಿಗೆ ಪರಿವರ್ತಿಸಿ, ಆಮೇಲೆ ಒಬ್ಬರು ಕೂತು ಓದಿ. ಒತ್ತಕ್ಷರ, ಅರ್ಕಾವತ್ತು ಅಲ್ಲಲ್ಲಿ ಕೆಟ್ಟಿರುತ್ತೆ.

ಮಾಡಿಕೊಡುವವರು ಸಾಮಾನ್ಯವಾಗಿ ಇಂಗ್ಲಿಷಿಗೆ ಹೊಲಿದ ಟೆಂಪ್ಲೇಟ್ ತರುತ್ತಾರೆ. ಅದರಲ್ಲಿ ಸಾಲುಗಳ ನಡುವಿನ ಅಂತರ ಕಡಿಮೆ. 'ಪಾರ್ಶ್ವ', 'ಸ್ವಾಸ್ಥ್ಯ' ಅಂತ ಬರೆದು ನೋಡಿ. ಕೆಳಗಿನ ಒತ್ತು ಬಟನ್ನಿನ ಅಂಚಲ್ಲಿ ಅರ್ಧ ಕತ್ತರಿಸಿ ಹೋಗಿರುತ್ತೆ. ಅಂತರವನ್ನು ಅಕ್ಷರದ ಗಾತ್ರದ 1.6 ಪಟ್ಟಿನ ಆಸುಪಾಸು ಇಡಿಸಿ. ನೋಟೋ ಸಾನ್ಸ್ ಕನ್ನಡ ಉಚಿತ ಫಾಂಟು, ಫೋನಲ್ಲಿ ಚೆನ್ನಾಗಿ ಕಾಣುತ್ತೆ.

ಸಂಪರ್ಕಕ್ಕೆ ಎರಡೇ ಬಟನ್. ಒಂದು ಫೋನು, ಒಂದು ವಾಟ್ಸ್ಆ್ಯಪ್. ವಾಟ್ಸ್ಆ್ಯಪ್ ಒತ್ತಿದರೆ 'ಸೈಟ್ ನಂಬರ್ 47ರ ಬಗ್ಗೆ ವಿಚಾರಿಸಬೇಕಿತ್ತು' ಅಂತ ಸಂದೇಶ ಮೊದಲೇ ಬರೆದಿರುವ ಹಾಗೆ ಲಿಂಕ್ ಮಾಡಬಹುದು. ಯಾವ ಸೈಟು ಅಂತ ನೀವು ಮತ್ತೆ ಕೇಳುವ ಕೆಲಸ ತಪ್ಪುತ್ತೆ. ನಂಬರ್ ಕೊಡದೆ ರೇಟು ತೋರಿಸದ ಪಾಪ್‌ಅಪ್ ಇಟ್ಟರೆ ಬರುವುದು ಹತ್ತು ಒಂಬತ್ತರ ನಂಬರುಗಳು. ಲೀಡ್ಸ್ ಪಟ್ಟಿ ಉದ್ದ ಕಾಣುತ್ತೆ, ಅಷ್ಟೇ. ಚಾಟ್‌ಬಾಟ್ ಬಗ್ಗೆ ಮಾತೇ ಬೇಡ.

ಹಳೇ_ಬ್ರೋಕರ್

ಎಲ್ಲ ಓದಿದೆ. ಸ್ವಂತ ಲೇಔಟಿಗೆ ಎಲ್ಲ ಹಾಕಲಿ, ನನ್ನ ತಕರಾರಿಲ್ಲ. ರೀಸೇಲ್ ವಿಚಾರದಲ್ಲಿ ನನ್ನ ಮಾತು ಬದಲಾಗಲ್ಲ. ಅಲ್ಲಿ ಬಡಾವಣೆ ಹೆಸರು, ಅಳತೆ, ದಿಕ್ಕು, ರಸ್ತೆ ಅಗಲ, ಖಾತೆ ಯಾವ ಥರದ್ದು, ಬೆಲೆಯ ಅಂದಾಜು. ಇಷ್ಟು ಸಾಕು. ಗೋಪಾಳದಲ್ಲಿ ಪೂರ್ವ ದಿಕ್ಕಿನ ಸೈಟು ಅಂದರೆ ಬೇಕಾದವನು ಫೋನ್ ಮಾಡುತ್ತಾನೆ. ಸರ್ವೆ ನಂಬರ್, ಪಿನ್ ಎಲ್ಲ ಜಾಗ ತೋರಿಸಿದ ಮೇಲೆ. ಓನರ್ ಬರವಣಿಗೆಯಲ್ಲಿ ಒಪ್ಪಿಗೆ ಕೊಡದೆ ಅವರ ಮನೆ ಫೋಟೋ ಹಾಕುವುದೂ ಸರಿಯಲ್ಲ.

ಮಸ್ಕತ್_ಮಲೆನಾಡಿಗ

ಅದು ಒಪ್ಪುವ ಮಾತು ಸರ್. ಆದರೆ 'ದಾಖಲೆ ನೋಡಿದ್ದೇವೆ, ಇಂಥ ದಿನದ ಇಸಿ ನಮ್ಮ ಹತ್ತಿರ ಇದೆ' ಅಂತಾದರೂ ಬರೆಯಿರಿ.

ಕೋಡು_ಕಾಫಿ

ಹಾಗಾದರೆ ಎರಡು ಥರದ ಪುಟ. ಲೇಔಟಿಗೆ ಒಂದು, ರೀಸೇಲಿಗೆ ಇನ್ನೊಂದು. ಒಂದೇ ಅಚ್ಚಲ್ಲಿ ಎರಡನ್ನೂ ತುರುಕಲು ಹೋಗಬೇಡಿ.

ಲೇಔಟ್ ಪುಟದ ಜೀವ ಅಂದರೆ ನಕ್ಷೆ. ಸೂಡಾ ನಕ್ಷೆಯನ್ನೇ ಎಸ್‌ವಿಜಿ (ಹಿಗ್ಗಿಸಿದರೂ ಮಸುಕಾಗದ ಚಿತ್ರ) ಆಗಿ ಬರೆಸಿ. ಬೆರಳಲ್ಲಿ ಸೈಟ್ ಮುಟ್ಟಿದರೆ ನಂಬರು, ಅಳತೆ, ದಿಕ್ಕು, ಎದುರಿನ ರಸ್ತೆ ಎಷ್ಟು ಅಡಿ, ಮೂಲೆ ಸೈಟಾ, ಬೆಲೆ ಎಷ್ಟು ಅಂತ ತೆರೆಯಬೇಕು. ಆಡ್ ಸೈಟ್ (ಆಕಾರ ಸೊಟ್ಟ ಇರುವುದು) ಆದರೆ ಬರೀ ಚದರ ಅಡಿ ಹಾಕಬೇಡಿ. ನಾಲ್ಕೂ ಬದಿಯ ಅಳತೆ ಕೊಡಿ. 1,200 ಚದರ ಅಡಿ ಅಂತ ಓದಿ ಬಂದವರಿಗೆ ಹಿಂದೆ ಚೂಪಾದ ಜಾಗ ಸಿಕ್ಕರೆ ಮನೆ ಪ್ಲಾನೇ ಕೂರಲ್ಲ. ಪೂರ್ವ, ಉತ್ತರ ಅಂತ ಸೋಸುವ ಬಟನ್ ಇರಲಿ. ವಾಸ್ತು ನಂಬುತ್ತೀರೋ ಇಲ್ಲವೋ, ಹುಡುಕುವವರು ಹಾಗೇ ಹುಡುಕುತ್ತಾರೆ.

ಮಾರಾಟ ಆದದ್ದನ್ನು ನಕ್ಷೆಯಿಂದ ಅಳಿಸಬೇಡಿ, ಬಣ್ಣ ಬದಲಿಸಿ. ಪಕ್ಕದಲ್ಲೇ 'ಕೊನೆಯದಾಗಿ ತಿದ್ದಿದ್ದು ಇಂಥ ದಿನ' ಅಂತ ಇರಲಿ. ಆರು ತಿಂಗಳ ಹಳೆಯ ದಿನಾಂಕ ಇದ್ದರೆ ಜನ ಹಿಂದೆ ಹೋಗುತ್ತಾರೆ. ಹಾಗಾಗಿ ಈ ನಕ್ಷೆ ತಿದ್ದುವ ಕೆಲಸ ಯಾರದು ಅಂತ ಈಗಲೇ ತೀರ್ಮಾನ ಮಾಡಿ.

ತುಂಗಾ_ದಂಡೆ

ಆ ಕೆಲಸ ತಂಗಿಯದು. ಈಗಲೂ ಸೈಟುಗಳ ಲೆಕ್ಕ ಅವಳ ಗೂಗಲ್ ಶೀಟಲ್ಲೇ ಇದೆ. ಅದರಿಂದಲೇ ನಕ್ಷೆಯ ಬಣ್ಣ ತಾನಾಗಿ ಬದಲಾಗುವ ಹಾಗೆ ಮಾಡಬಹುದಾ ಅಂತ ಕೇಳುತ್ತಿದ್ದಾಳೆ.

ಮೊದಲ ಪರದೆಗೆ ಹೀಗೆ ಬರೆದುಕೊಂಡಿದ್ದೇವೆ. ಮೇಲೆ ಲೇಔಟಿನ ಹೆಸರು, ಗ್ರಾಮ, ಸರ್ವೆ ನಂಬರ್. ಅದರ ಕೆಳಗೆ ಪ್ರಾಜೆಕ್ಟಿನ ರೇರಾ ನಂಬರ್, ರೇರಾ ತಾಣದ ವಿಳಾಸ. ಆಮೇಲೆ 30×40 ಸೈಟಿನ ಬೆಲೆ ಇಷ್ಟರಿಂದ, ಖಾಲಿ ಇರುವುದು ಇಷ್ಟು, ಬಸ್ ನಿಲ್ದಾಣದಿಂದ ಇಷ್ಟು ಕಿಲೋಮೀಟರ್. ಒಂದು ಫೋಟೋ, ಮಳೆಗಾಲದ್ದೇ. ಕೆಳಗೆ ಎರಡು ಬಟನ್. ಒಟ್ಟು ಖರ್ಚಿನ ಲೆಕ್ಕ, ದಾಖಲೆ, ನಕ್ಷೆ ಅದರ ಕೆಳಗೆ. ಮಾಡಿಕೊಡುವವರಿಗೆ ಕಳಿಸಿದೆ. 'ಇಷ್ಟು ಸಪ್ಪೆ ಇದ್ದರೆ ಹೇಗೆ ಸರ್' ಅಂದರು.

ಧಾರವಾಡದ_ಅಕ್ಕ

ಸಪ್ಪೆ ಇದ್ದರ ಇರಲಿ ಬಿಡ್ರೀ. ಉಪ್ಪಿನಕಾಯಿ ಹಚ್ಚಾಕ ಅವರ ಚಾಟ್‌ಬಾಟ್ ಇದ್ದೇ ಇದೆಯಲ್ಲ 😄

ಕೋಡು_ಕಾಫಿ

ಶೀಟಿಂದ ನಕ್ಷೆಗೆ ಜೋಡಿಸಬಹುದು, ದೊಡ್ಡ ಕೆಲಸ ಅಲ್ಲ. ಶೀಟಲ್ಲಿ ಗಿರಾಕಿಗಳ ಹೆಸರು, ಫೋನ್ ನಂಬರ್ ಇದ್ದರೆ ಅದನ್ನು ನೇರ ಜೋಡಿಸಬೇಡಿ. ಸೈಟ್ ನಂಬರ್ ಮತ್ತು ಸ್ಥಿತಿ ಮಾತ್ರ ಇರುವ ಬೇರೆ ಶೀಟ್ ಮಾಡಿ. ನಕ್ಷೆಯ ಜೊತೆ ಜನರ ನಂಬರೂ ಹೊರಗೆ ಬಂದರೆ 2023ರ ವೈಯಕ್ತಿಕ ದತ್ತಾಂಶ ರಕ್ಷಣೆ ಕಾಯ್ದೆ ಬಗ್ಗೆ ಪತ್ರ ಪಹಣಿ ಸರ್ ಹತ್ತಿರ ಓಡಬೇಕಾಗುತ್ತೆ.

ಪತ್ರ_ಪಹಣಿ

ಬಂದರೆ ಫೀಸು ತಗೊಳ್ಳುತ್ತೇನೆ. ರೇರಾ ನಂಬರ್ ಪುಟದಲ್ಲಿ ಮಾತ್ರ ಅಲ್ಲ, ಪ್ರತಿ ಫೋಟೋ ಮೇಲೂ ಇರಲಿ. ನಿಮ್ಮ ಪುಟವನ್ನು ಯಾರೂ ಫಾರ್ವರ್ಡ್ ಮಾಡಲ್ಲ, ಫೋಟೋ ಮಾತ್ರ ಊರೆಲ್ಲ ಓಡಾಡುತ್ತೆ. ಮತ್ತೆ ನಕ್ಷೆಯಲ್ಲಿ ಮೂರು ಬಣ್ಣ ಮಾಡಿ: ಖಾಲಿ, ಕರಾರು ಆಗಿದೆ, ರಿಜಿಸ್ಟರ್ ಆಗಿದೆ. ಬಾಯಿಮಾತಲ್ಲಿ ಹಿಡಿದಿಟ್ಟದ್ದಕ್ಕೆ ಬಣ್ಣ ಬೇಡ, ಅದು ಖಾಲಿಯೇ.

ತುಂಗಾ_ದಂಡೆ

ಮೂರು ಬಣ್ಣ ಅಪ್ಪನಿಗೂ ಹಿಡಿಸಿತು. ಮಣ್ಣು ರಸ್ತೆ ಫೋಟೋ ಬಗ್ಗೆ ಮಾತುಕತೆ ನಡೀತಾ ಇದೆ.